ಹಿತ್ತಲಿನ ಹಣ್ಣೂ ಹಸಿದ ಅಳಿಲೂ

ಮನುಷ್ಯನ ನೀತಿಯು ದೊಡ್ಡ ಸಂಗತಿಗಳಲ್ಲಿ ಮಾತ್ರ ಪರೀಕ್ಷಿಸಲ್ಪಡುತ್ತದೆಂದು ನೆನಸುವವರು ಬಹಳ ಮಂದಿ ಉಂಟು. ನ್ಯಾಯಸ್ಥಾನದ ಸಾಕ್ಷಿ, ಹಣದ ಲೆಕ್ಕ, ಪಂಚಾಯತಿಯ ಮಾತು, ಇಂಥವುಗಳಲ್ಲಿ ನೆಟ್ಟಗೆ ನಡೆದರೆ ಸಾಕು, ಹಿತ್ತಲಿನಲ್ಲಿ ಏನು ಮಾಡಿದರೂ ಅದನ್ನು ಕೇಳುವವರಾರು ಎಂಬದು ಅವರ ಭಾವನೆ. ಆದರೆ ನಮ್ಮೊಳಗಿನ ಕೋಪವೂ ಲೋಭವೂ ಕನಿಕರವೂ ಹೊರಗೆ ಬೀಳುವದು ಹೆಚ್ಚಾಗಿ ಯಾರೂ ನೋಡದ ಸ್ಥಳದಲ್ಲಿಯೇ. ಆದದರಿಂದ ಈ ಸಾರಿ ನಾವು ಬಹು ಚಿಕ್ಕದಾಗಿ ತೋರುವ ಒಂದು ಪ್ರಶ್ನೆಯನ್ನು ವಾಚಕರ ಮುಂದೆ ಇಡುತ್ತೇವೆ. ಅದೇನಂದರೆ, ನಾವು ನೆಟ್ಟು ನೀರೆರೆದು ಬೆಳಿಸಿದ ಹಣ್ಣನ್ನು ಹಸಿದ ಅಳಿಲು ಬಂದು ತಿನ್ನುವಾಗ ನಾವು ಮಾಡತಕ್ಕದ್ದೇನು? ಅದನ್ನು ಕೊಲ್ಲಲು ನಮಗೆ ಹಕ್ಕು ಉಂಟೋ? ಸುಮ್ಮನೆ ಬಿಟ್ಟುಬಿಡುವದು ಧರ್ಮವೋ? ಈ ಎರಡರ ನಡುವೆ ಬೇರೆ ದಾರಿ ಉಂಟೋ?

ಇದು ಬರೀ ಕಲ್ಪನೆಯ ಪ್ರಶ್ನೆಯಲ್ಲ. ಕಲಬುರಗಿಯ ಖೂಬಾ ಪ್ಲಾಟಿನಂಥ ಬಡಾವಣೆಗಳಲ್ಲಿ ಮನೆಯ ಮುಂದೆ ಹತ್ತು ಮೊಳ ನೆಲ ಸಿಕ್ಕರೂ ಜನರು ಒಂದು ಪೇರಲ ಗಿಡವನ್ನೋ, ಒಂದು ದಾಳಿಂಬೆಯನ್ನೋ, ನಾಲ್ಕು ಟೊಮೇಟೊ ಸಸಿಗಳನ್ನೋ ನೆಡುತ್ತಾರೆ. ನೆಲವಿಲ್ಲದವರು ಮಾಳಿಗೆಯ ಮೇಲೆ ಕುಂಡಗಳನ್ನಿಟ್ಟು ಕಾಯಿಪಲ್ಲೆ ಬೆಳಿಸುತ್ತಾರೆ. ಹಳ್ಳಿಗಳಲ್ಲಿರುವ ನಮ್ಮ ವಾಚಕರಿಗಾದರೆ ಹಿತ್ತಲು ಉಂಟು; ಕಮಲಾಪುರದ ಕಡೆಯವರಿಗೆ ದೇಶದಲ್ಲೆಲ್ಲಾ ಹೆಸರಾದ ಕೆಂಪು ಬಾಳೆಯೂ ಉಂಟು. ಈ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತೊಗರಿಯ ರಾಶಿ ಮುಗಿದ ಮೇಲೆ ಎರೆಯ ಭೂಮಿಯು ಬಿರುಕು ಬಿಟ್ಟು ಬಾಯ್ತೆರೆಯುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಹೊಲದಲ್ಲಿ ಹಸುರೆಂಬದು ಕಣ್ಣಿಗೆ ಬೀಳದು. ಆಗ ಮನುಷ್ಯನು ದಿನಾಲು ನೀರು ಹಾಕುವ ಅಂಗಳವೊಂದೇ ಹಸುರಾಗಿ ಉಳಿಯುತ್ತದೆ. ಹಸಿದ ಜೀವಿಯು ಅಲ್ಲಿಗೆ ಬಾರದೆ ಮತ್ತೆಲ್ಲಿಗೆ ಹೋದೀತು? ಪ್ಲಾಟ್ ಎಂದರೆ ಅಳೆದು ಕಲ್ಲು ನೆಟ್ಟು ಕೊಟ್ಟ ನೆಲ. ಆ ಅಳತೆಯು ನಮ್ಮ ಕಾಗದಪತ್ರಗಳಲ್ಲಿ ಉಂಟು. ಅಳಿಲು ಆ ಕಾಗದವನ್ನು ಓದಲಾರದು.

ತೀರ್ಪು ಹೇಳುವದಕ್ಕೆ ಮೊದಲು ಆಪಾದನೆ ಹೊತ್ತವನು ಯಾರೆಂದು ಅರಿತುಕೊಳ್ಳುವದು ನ್ಯಾಯ. ಅಳಿಲು, ಅಂದರೆ ಹಳಬರು ಇಣಚಿ ಎಂದು ಕರೆಯುವ ಈ ಜಂತು, ಇಲಿಯ ಹಾಗೆ ಕಡಿದು ತಿನ್ನುವ ಪ್ರಾಣಿಗಳ ವರ್ಗಕ್ಕೆ ಸೇರಿದ್ದು. ಅದರ ತೂಕವು ಸುಮಾರು 100 ಗ್ರಾಮ್ ಮಾತ್ರ. ನಮ್ಮ ದೇಶದ ಊರುಕೇರಿಗಳಲ್ಲಿ ಹೆಚ್ಚಾಗಿ ಕಾಣುವವು ಎರಡು ಜಾತಿ: ಬೆನ್ನಿನ ಮೇಲೆ ಮೂರು ಬಿಳಿ ಗೆರೆಗಳುಳ್ಳದ್ದು ದಕ್ಷಿಣದಲ್ಲಿ ಹೆಚ್ಚು, ಐದು ಗೆರೆಗಳುಳ್ಳದ್ದು ಉತ್ತರದಲ್ಲಿ ಹೆಚ್ಚು. ತಮ್ಮ ಅಂಗಳಕ್ಕೆ ಬರುವದು ಯಾವದೆಂದು ವಾಚಕರು ಗೆರೆಗಳನ್ನು ಎಣಿಸಿ ತಾವೇ ತಿಳಿದುಕೊಳ್ಳಬಹುದು. ಅದರ ಮುಂದಿನ ಹಲ್ಲುಗಳು ಸಾಯುವ ಪರ್ಯಂತ ಬೆಳೆಯುತ್ತಲೇ ಇರುತ್ತವೆ. ಹೊರಬದಿಯಲ್ಲಿ ಗಟ್ಟಿಯಾದ ಲೇಪ, ಒಳಬದಿಯಲ್ಲಿ ಮೆದುವಾದ ಭಾಗ; ಆದಕಾರಣ ಕಡಿದ ಹಾಗೆಲ್ಲಾ ಬಡಿಗನ ಉಳಿಯಂತೆ ತಾವಾಗಿಯೇ ಹರಿತವಾಗುತ್ತವೆ. ಕಡಿಯದೆ ಇದ್ದರೆ ಹಲ್ಲು ಬೆಳೆದು ತಿನ್ನಲಾರದೆ ಅದು ಸತ್ತುಹೋಗುವದು. ಹೀಗಿರಲಾಗಿ ಅದು ಹಗ್ಗವನ್ನೂ ತಂತಿಯನ್ನೂ ತೆಂಗಿನ ಎಳೆಗಾಯಿಯನ್ನೂ ಕಡಿಯುವದು ನಮ್ಮ ಮೇಲಿನ ಹಟದಿಂದಲ್ಲ, ಬದುಕುವದಕ್ಕಾಗಿ.

ಅದು ತಿನ್ನುವದು ನಮ್ಮ ಹಣ್ಣನ್ನು ಮಾತ್ರವಲ್ಲ. ಬೀಜ, ಮೊಗ್ಗು, ಚಿಗುರುಗಳ ಸಂಗಡ ಹುಳುಹುಪ್ಪಡಿಗಳನ್ನೂ ಗೆದ್ದಲನ್ನೂ ತಿನ್ನುತ್ತದೆ. ಬೂರುಗದ ಮರವು ಕೆಂಪಾಗಿ ಹೂ ಬಿಟ್ಟಾಗ ಅಳಿಲುಗಳು ಮಕರಂದಕ್ಕಾಗಿ ಹೂವಿನಿಂದ ಹೂವಿಗೆ ಹೋಗುತ್ತವೆ. ಆಗ ಅವುಗಳ ಮುಖಕ್ಕೆ ಹತ್ತಿದ ಪರಾಗವು ಒಂದು ಮರದಿಂದ ಇನ್ನೊಂದಕ್ಕೆ ಸಾಗುತ್ತದೆ. ತಾಯಿಯು ಐದಾರು ವಾರ ಗರ್ಭ ಹೊತ್ತು ನಾರು, ಹತ್ತಿ, ಚಿಂದಿಗಳನ್ನು ಕೂಡಿಸಿದ ಗೂಡಿನಲ್ಲಿ ಸಾಧಾರಣವಾಗಿ ಎರಡು ಮೂರು ಮರಿಗಳನ್ನು ಹಾಕುತ್ತದೆ. ಹುಟ್ಟಿದಾಗ ಮರಿಗಳಿಗೆ ಕೂದಲಿಲ್ಲ, ಕಣ್ಣು ತೆರೆದಿರುವದಿಲ್ಲ. ನಮ್ಮ ಪೇರಲ ಗಿಡಕ್ಕೆ ಓಡಿ ಬರುವ ಅಳಿಲು ತನ್ನ ಹೊಟ್ಟೆಗಾಗಿ ಬಂದದ್ದೋ, ಹಾಲು ಕುಡಿಯುವ ಮರಿಗಳನ್ನು ಗೂಡಿನಲ್ಲಿ ಬಿಟ್ಟು ಬಂದದ್ದೋ ನಾವು ಅರಿಯೆವು.

ಆದರೆ ಅದು ಕಳ್ಳನಲ್ಲವೇ ಎಂದು ಕೆಲವರು ಕೇಳಿಯಾರು. ಕಳ್ಳತನವೆಂಬದು ಏನು ಎಂದು ಸ್ವಲ್ಪ ಆಲೋಚಿಸೋಣ. ಇದು ಇನ್ನೊಬ್ಬನದೆಂದು ತಿಳಿದು, ತೆಗೆದುಕೊಳ್ಳಬಾರದೆಂದು ತಿಳಿದು, ಆದರೂ ತೆಗೆದುಕೊಳ್ಳುವದೇ ಕಳ್ಳತನ. ಅಳಿಲಿಗೆ ನನ್ನದು ನಿನ್ನದು ಎಂಬ ಕಟ್ಟಳೆಯ ಅರಿವಿಲ್ಲ. ಅರಿವಿಲ್ಲದವನ ಕೃತ್ಯದಿಂದ ನಷ್ಟವಾಗಬಹುದು, ಅಪರಾಧವಾಗದು. ನಷ್ಟವನ್ನು ತಡೆಯಬಹುದು, ಶಿಕ್ಷೆ ಕೊಡಲು ಎಡೆಯಿಲ್ಲ. ಈ ಭೇದವನ್ನು ವಾಚಕರು ಚೆನ್ನಾಗಿ ಹಿಡಿದುಕೊಳ್ಳಬೇಕು. ಯಾಕಂದರೆ ಹಿತ್ತಲಿನಲ್ಲಿ ನಡೆಯುವ ಕ್ರೂರತನವು ಬಹಳವಾಗಿ ಈ ಎರಡನ್ನು ಬೆರಸುವದರಿಂದಲೇ ಹುಟ್ಟುತ್ತದೆ. ಹಣ್ಣನ್ನು ಉಳಿಸಬೇಕೆಂದು ಹೊರಟ ಕೈಯು ಸೇಡು ತೀರಿಸಿಕೊಂಡು ಮನೆಗೆ ಬರುತ್ತದೆ. ವಿಚಿತ್ರವೇನಂದರೆ, ಚಿಕ್ಕವನು ಮಾಡಿದ ಒಳ್ಳೇ ಕೆಲಸವನ್ನು ಹೊಗಳುವಾಗ ನಮ್ಮ ನಾಡಿನವರೆಲ್ಲರೂ ಅಳಿಲು ಸೇವೆ ಎಂದೇ ಅನ್ನುತ್ತಾರೆ. ಗಾದೆಯಲ್ಲಿ ಹೊಗಳಿದ ಜೀವಿಯನ್ನು ಗಿಡದಲ್ಲಿ ಕಂಡ ಕೂಡಲೇ ಶಪಿಸುವದು ನಮ್ಮ ಬಾಯಿಗೆ ರೂಢಿಯಾಗಿದೆ.

ಹಾಗಾದರೆ ಹಣ್ಣು ಯಾರದು? ಇಲ್ಲಿ ನಾವು ನೆಟ್ಟವನ ಪಕ್ಷವನ್ನು ಹಗುರವಾಗಿ ಎಣಿಸಬಾರದು. ಒಬ್ಬ ವಿಧವೆಯನ್ನು ಭಾವಿಸೋಣ. ಆಕೆಗೆ ಆರು ಪೇರಲ ಗಿಡಗಳಿವೆ. ವಾರದ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಮಾರಿದ ಹಣದಿಂದ ಎಣ್ಣೆ ಉಪ್ಪು ಕೊಳ್ಳುತ್ತಾಳೆ. ಅಳಿಲು ಒಂದು ಹಣ್ಣನ್ನು ಪೂರಾ ತಿನ್ನುವದಿಲ್ಲ. ಇದನ್ನು ಎರಡು ಸಾರಿ ಕಡಿದು ಅದಕ್ಕೆ ಹಾರುತ್ತದೆ. ಕಡಿದ ಹಣ್ಣನ್ನು ಸಂತೆಯಲ್ಲಿ ಯಾರೂ ಕೊಳ್ಳುವದಿಲ್ಲ. ಹೀಗೆ ಅದರ ಹೊಟ್ಟೆಗೆ ಹೋದದ್ದಕ್ಕಿಂತ ಆಕೆಯ ಬುಟ್ಟಿಯಿಂದ ಹೋದದ್ದು ಹೆಚ್ಚು. ಇಂಥ ಆಕೆಯ ಬಳಿಗೆ ಹೋಗಿ, ಅಮ್ಮಾ, ಅದೂ ಒಂದು ಜೀವ, ತಿಂದುಕೊಂಡು ಹೋಗಲಿ ಬಿಡು ಎಂದು ಬುದ್ಧಿ ಹೇಳುವದು ಸುಲಭ. ಆದರೆ ಬೇರೊಬ್ಬರ ತಾಟಿನಿಂದ ತೆಗೆದು ಕೊಡುವ ದಾನವು ದಾನವಲ್ಲ. ಪೇಟೆಯಿಂದ ಹಣ್ಣು ತಂದು ತಿನ್ನುವವನು ಗಿಡದಿಂದಲೇ ಹೊಟ್ಟೆ ಹೊರೆಯುವವಳಿಗೆ ದಯೆಯನ್ನು ಉಪದೇಶಿಸುವಾಗ ಮೊದಲು ಆಕೆಯ ನಷ್ಟದಲ್ಲಿ ತಾನು ಎಷ್ಟು ಹೊರುವೆನೆಂದು ಹೇಳಬೇಕು.

ಇನ್ನು ಅದೇ ಬೀದಿಯಲ್ಲಿ ತಿಂಗಳಿಗೆ ತಪ್ಪದೆ ಪಿಂಚಣಿ ಬರುವ ಒಬ್ಬ ಗೃಹಸ್ಥನನ್ನು ಭಾವಿಸೋಣ. ಅವನ ಟೊಮೇಟೊ ಗಿಡಗಳು ಅವನಿಗೆ ವಿನೋದ. ಬೆಳಿಗ್ಗೆ ಎದ್ದು ನೋಡಿ ಸಂತೋಷಪಡುತ್ತಾನೆ. ಹತ್ತು ಹಣ್ಣು ಹೋದರೆ ಅವನ ಅಡಿಗೆಯಲ್ಲಿ ಏನೂ ಕಡಿಮೆಯಾಗುವದಿಲ್ಲ. ಪೇಟೆಯಿಂದ ತಂದ ಕಾಯಿಪಲ್ಲೆಯಲ್ಲಿ ಅದಕ್ಕಿಂತ ಹೆಚ್ಚು ಅವನ ಮನೆಯಲ್ಲಿಯೇ ಕೊಳೆತು ಹೊರಗೆ ಹೋಗುತ್ತದೆ. ಆದರೂ ಅಳಿಲು ಕಡಿದ ಒಂದು ಹಣ್ಣನ್ನು ಕಂಡರೆ ಅವನ ಕಣ್ಣು ಕೆಂಪಾಗುತ್ತದೆ. ಇಲ್ಲಿ ಹೋದದ್ದು ಆಹಾರವಲ್ಲ. ನನ್ನದನ್ನು ಮುಟ್ಟಿತಲ್ಲಾ ಎಂಬ ಅಭಿಮಾನಕ್ಕೆ ಪೆಟ್ಟು ಬಿದ್ದದ್ದು. ಆದದರಿಂದ ಪ್ರತಿಯೊಬ್ಬನು ಕೋಲೆತ್ತುವ ಮೊದಲು ತನ್ನನ್ನು ತಾನೇ ಕೇಳಿಕೊಳ್ಳತಕ್ಕ ಪ್ರಶ್ನೆ ಇದು: ನಾನು ಕಾಪಾಡುತ್ತಿರುವದು ನನ್ನ ಮನೆಯವರ ಅನ್ನವನ್ನೋ, ನನ್ನ ಅಭಿಮಾನವನ್ನೋ? ಅನ್ನವಾದರೆ ಹೆಚ್ಚು ಬಿಗಿಯಾದ ಬೇಲಿಗೆ ಅವನು ಯೋಗ್ಯನು. ಅಭಿಮಾನವಾದರೆ ಬೇಲಿಗಿಂತ ಮೊದಲು ತನ್ನ ಮನಸ್ಸನ್ನು ತಿದ್ದಿಕೊಳ್ಳಲಿ.

ಈಗ ಜನರು ಕೈಕೊಳ್ಳುವ ಉಪಾಯಗಳನ್ನು ಒಂದೊಂದಾಗಿ ತೂಗಿ ನೋಡೋಣ. ಮೊದಲನೆಯದು ವಿಷ. ಇಲಿಗೆಂದು ಮಾರುವ ಪಾಷಾಣವನ್ನು ಕಾಯಿಯ ಚೂರಿಗೆ ಸವರಿ ಗೋಡೆಯ ಮೇಲಿಡುವವರು ಉಂಟು. ಅವುಗಳಲ್ಲಿ ಸತುವಿನ ಫಾಸ್ಫೈಡ್ ಎಂಬದು ಹೊಟ್ಟೆಯ ಹುಳಿಯನ್ನು ಕೂಡಿದಾಗ ವಿಷವಾಯುವಾಗಿ ಮಾರ್ಪಟ್ಟು ಕೊಲ್ಲುತ್ತದೆ. ಬ್ರೊಮಾಡಿಯೊಲೋನ್ ಎಂಬದು ರಕ್ತವು ಹೆಪ್ಪುಗಟ್ಟದಂತೆ ಮಾಡಿ, ಒಳಗೊಳಗೇ ರಕ್ತ ಸೋರಿಸಿ, ಕೆಲವು ದಿವಸಗಳ ಮೇಲೆ ಕೊಲ್ಲುತ್ತದೆ. ಆ ದಿವಸಗಳಲ್ಲಿ ನಿಧಾನವಾಗಿ ಓಡಾಡುವ ಆ ಜಂತುವನ್ನು ಬೆಕ್ಕು ಹಿಡಿದರೆ ಬೆಕ್ಕಿಗೂ, ಗಿಡುಗ ಹಿಡಿದರೆ ಗಿಡುಗಕ್ಕೂ ವಿಷ ಮುಟ್ಟುತ್ತದೆ. ಅದೇ ಚೂರನ್ನು ತಿಂದ ಇಲಿಯ ಮೂಲಕ ಹೊಲವನ್ನು ಕಾಯುವ ಗೂಬೆಗೂ ಮುಟ್ಟುತ್ತದೆ. ನೆಲಕ್ಕೆ ಬಿದ್ದ ಚೂರನ್ನು ಅಂಬೆಗಾಲಿಡುವ ಕೂಸು ಬಾಯಿಗೆ ಹಾಕಿದರೆ ಆಗುವದನ್ನು ಹೇಳಲು ನಮಗೆ ಮನಸ್ಸು ಬಾರದು. ಎಲ್ಲಿ ನಿಲ್ಲುವದೋ ಗೊತ್ತಿಲ್ಲದ ಆಯುಧವನ್ನು ಒಂದು ಹಣ್ಣಿಗಾಗಿ ಬಿಡುವದು ವಿವೇಕವೂ ಅಲ್ಲ, ನೀತಿಯೂ ಅಲ್ಲ.

ಎರಡನೆಯದು ಅಂಟು ಸವರಿದ ಹಲಗೆ. ಅದಕ್ಕೆ ಸಿಕ್ಕಿದ ಪ್ರಾಣಿಯು ಕೂಡಲೇ ಸಾಯದು. ಚರ್ಮ ಹರಿದುಕೊಂಡು ತಾಸುಗಟ್ಟಲೆ ಒದ್ದಾಡಿ ಹಸಿವೆಯಿಂದಲೂ ಆಯಾಸದಿಂದಲೂ ಸಾಯುತ್ತದೆ. ಓತಿಕ್ಯಾತವೂ ಗುಬ್ಬಿಯೂ ಅದಕ್ಕೇ ಸಿಕ್ಕುವವು. ಇದರ ವಿಷಯದಲ್ಲಿ ವಾದವೇ ಬೇಡ. ಮೂರನೆಯದು ಹುಡುಗರ ರಬ್ಬರು ಕವಣೆ. ಗುರಿ ಕಲಿಯಲಿ ಎಂದು ತಂದೆಯರು ನಕ್ಕು ಸುಮ್ಮನಾಗುತ್ತಾರೆ. ಆದರೆ ನೋವನ್ನು ನೋಡಿ ನಗಲು ಕಲಿತ ಹುಡುಗನು ಆ ವಿದ್ಯೆಯನ್ನು ಅಳಿಲಿನಲ್ಲಿಯೇ ನಿಲ್ಲಿಸುವನೆಂದು ಯಾರು ಹೊಣೆಯಾಗುವರು? ನಾಲ್ಕನೆಯದು ಬೆಕ್ಕನ್ನು ಸಾಕುವದು. ಬೆಕ್ಕು ತನ್ನ ಸ್ವಭಾವದಂತೆ ಮಾಡುತ್ತದೆ, ಅದಕ್ಕೆ ದೋಷವಿಲ್ಲ. ಆದರೆ ಕೊಲ್ಲಿಸುವದಕ್ಕಾಗಿಯೇ ಸಾಕಿದವನು ನಾನು ಕೈ ಮುಟ್ಟಲಿಲ್ಲವೆಂದು ಹೇಳಿ ಜಾರಿಕೊಳ್ಳಲಾಗದು.

ಐದನೆಯದು ದಯೆಯ ವೇಷ ಹಾಕಿಕೊಂಡು ಬರುತ್ತದೆ. ಆದಕಾರಣ ಅದನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಅಳಿಲನ್ನು ಬೋನಿನಲ್ಲಿ ಜೀವಸಹಿತ ಹಿಡಿದು ದೂರದ ಬಡಾವಣೆಗೋ ಊರ ಹೊರಗಿನ ತೋಪಿಗೋ ಬಿಟ್ಟು ಬರುವದು. ನಾವು ಕೊಲ್ಲಲಿಲ್ಲವಲ್ಲಾ ಎಂದು ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಬಿಟ್ಟ ಸ್ಥಳದಲ್ಲಿ ಅದಕ್ಕೆ ಗೂಡಿಲ್ಲ, ದಾರಿ ತಿಳಿಯದು, ಅಲ್ಲಿ ಮೊದಲೇ ಇರುವ ಅಳಿಲುಗಳು ಅದನ್ನು ಓಡಿಸುತ್ತವೆ. ಇಲ್ಲಿ ಗೂಡಿನಲ್ಲಿ ಮರಿಗಳಿದ್ದರೆ ಅವು ಹಾಲಿಲ್ಲದೆ ಸಾಯುತ್ತವೆ. ಬದುಕಿಕೊಂಡಿತೋ, ಅದು ಇನ್ನೊಬ್ಬರ ಹಿತ್ತಲನ್ನು ಸೇರುವದು. ನಮ್ಮ ಕಷ್ಟವನ್ನು ನೆರೆಯವನ ಅಂಗಳಕ್ಕೆ ಹೊತ್ತು ಹಾಕಿ ಬರುವದನ್ನು ದಯೆಯೆಂದು ಕರೆಯಬಹುದೋ? ಇದಲ್ಲದೆ ತೆರವಾದ ಗಿಡಕ್ಕೆ ಪಕ್ಕದ ಮರದಿಂದ ಬೇರೊಂದು ಅಳಿಲು ಬಹು ಬೇಗ ಬರುತ್ತದೆ. ಆಹಾರವೂ ದಾರಿಯೂ ಇರುವ ತನಕ ಒಂದನ್ನು ತೆಗೆದರೆ ಇನ್ನೊಂದಕ್ಕೆ ಸ್ಥಳ ಮಾಡಿಕೊಟ್ಟ ಹಾಗಾಯಿತೇ ಹೊರತು ಕೆಲಸ ತೀರಿದ ಹಾಗಾಗಲಿಲ್ಲ.

ಹಾಗಾದರೆ ಎಲ್ಲವನ್ನೂ ಒಟ್ಟಿಗೆ ನಿರ್ಮೂಲ ಮಾಡಿದರೆ ಹೇಗೆ ಎಂದು ಕೇಳುವವರಿಗೆ ಚೀನಾ ದೇಶದ ಒಂದು ಸಂಗತಿಯನ್ನು ಹೇಳುತ್ತೇವೆ. 1958ರಲ್ಲಿ ಅಲ್ಲಿನ ಸರಕಾರವು ಇಲಿ, ನೊಣ, ಸೊಳ್ಳೆಗಳ ಸಂಗಡ ಗುಬ್ಬಿಯನ್ನೂ ಜನರ ಶತ್ರುವೆಂದು ಸಾರಿತು; ಗುಬ್ಬಿಯು ಕಾಳು ತಿನ್ನುತ್ತದೆಂಬದೇ ಕಾರಣ. ಜನರು ಊರೂರಲ್ಲಿ ತಟ್ಟೆ ತಮಟೆ ಬಡಿದು ಗುಬ್ಬಿಗಳನ್ನು ಕೂತುಕೊಳ್ಳಗೊಡದೆ ಹಾರಿಸಿ ಆಯಾಸದಿಂದ ಬೀಳುವಂತೆ ಮಾಡಿದರು. ಗುಬ್ಬಿಗಳು ಹೋದವು, ಅವು ತಿನ್ನುತ್ತಿದ್ದ ಹುಳುಗಳೂ ಮಿಡಿತೆಗಳೂ ಹೆಚ್ಚಿ ಪೈರಿಗೆ ಬಿದ್ದವು. 1960ರಲ್ಲಿ ಗುಬ್ಬಿಯ ಹೆಸರನ್ನು ಆ ಪಟ್ಟಿಯಿಂದ ತೆಗೆದು ತಗಣೆಯ ಹೆಸರನ್ನು ಸೇರಿಸಬೇಕಾಯಿತು. ಇದಕ್ಕೆ ಎದುರಾದ ಇನ್ನೊಂದು ಸಂಗತಿಯೂ ಉಂಟು. ನಮ್ಮ ಐದು ಗೆರೆಯ ಅಳಿಲನ್ನೇ ಆಸ್ಟ್ರೇಲಿಯದ ಪರ್ತ್ ಪಟ್ಟಣದ ಮೃಗಾಲಯದಿಂದ 1898ರಲ್ಲಿ ಹೊರಗೆ ಬಿಟ್ಟರು. ಅದು ಸುತ್ತಲಿನ ತೋಟಗಳಲ್ಲಿ ನೆಲೆಗೊಂಡು ಅಲ್ಲಿಯವರಿಗೆ ಉಪದ್ರವವಾಯಿತು. ನಮ್ಮಲ್ಲಿಯಾದರೋ ಹಾವು, ಮುಂಗುಸಿ, ಗಿಡುಗ, ಮರಿಗಳನ್ನು ಹೊತ್ತುಕೊಂಡು ಹೋಗುವ ಕಾಗೆ, ಇವೆಲ್ಲವೂ ಅಳಿಲಿನ ಸಂಖ್ಯೆಗೆ ಕಡಿವಾಣವಾಗಿವೆ. ಇರುವ ಏರ್ಪಾಡನ್ನು ಅರಿಯದೆ ಒಂದನ್ನು ಕೀಳುವದೂ ತಪ್ಪು, ಒಂದನ್ನು ತಂದು ನೆಡುವದೂ ತಪ್ಪು ಎಂಬದನ್ನು ಈ ಎರಡು ಸಂಗತಿಗಳಿಂದ ಕಲಿಯಬಹುದು.

ಕಾನೂನು ಏನನ್ನುತ್ತದೆ? 1972ರ ವನ್ಯಜೀವಿ ಕಾನೂನಿನಲ್ಲಿ ಕಾಗೆ, ಹಣ್ಣು ತಿನ್ನುವ ಬಾವಲಿ, ಇಲಿ, ಹೆಗ್ಗಣಗಳನ್ನು ಉಪದ್ರವಿ ಪ್ರಾಣಿಗಳೆಂದು ಬಹುಕಾಲ ಬೇರೆ ಬರೆದಿಟ್ಟಿದ್ದರು. ಅಳಿಲು ಅವುಗಳಲ್ಲಿ ಇರಲಿಲ್ಲ. ಐದು ಗೆರೆಯ ಅಳಿಲನ್ನು ಕಾಪಾಡಬೇಕಾದ ಪ್ರಾಣಿಗಳ ಸಂಗಡ ಹೆಸರಿಸಿದ್ದರು. 2022ರಲ್ಲಿ ಕಾನೂನನ್ನು ತಿದ್ದಿದಾಗ ಉಪದ್ರವಿಗಳ ಆ ಪಟ್ಟಿಯನ್ನೇ ತೆಗೆದುಹಾಕಿದರು. ಇಂಥ ಕಟ್ಟಳೆಯು ನಿನ್ನೆ ಮೊನ್ನೆಯದಲ್ಲ. ನಮ್ಮ ಜಿಲ್ಲೆಯ ಭೀಮಾ ನದಿಯ ದಡದ ಸನ್ನತಿಯಲ್ಲಿ 1980ರ ದಶಕದಲ್ಲಿ ಗುಡಿಯೊಂದರೊಳಗೆ ಅಶೋಕ ಚಕ್ರವರ್ತಿಯ ಶಾಸನದ ಕಲ್ಲು ದೊರೆಯಿತೆಂಬದನ್ನು ಅನೇಕರು ಬಲ್ಲರು. ಅದೇ ಅಶೋಕನು ಉತ್ತರದ ಸ್ತಂಭಗಳ ಮೇಲೆ ಕೆತ್ತಿಸಿದ ಐದನೆಯ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಹೆಸರುಗಳಿವೆ. ಅವುಗಳಲ್ಲಿ ಒಂದನ್ನು ಪಂಡಿತರು ಅಳಿಲೆಂದು ಅರ್ಥಮಾಡುತ್ತಾರೆ. ಎರಡು ಸಾವಿರ ವರುಷಗಳ ಹಿಂದೆಯೇ ಒಬ್ಬ ಅರಸನಿಗೆ ಈ ಚಿಕ್ಕ ಜೀವದ ನೆನಪಾಯಿತೆಂಬದು ಆಶ್ಚರ್ಯ. ಆದರೂ ಅರಸನ ಆಜ್ಞೆಯು ಕೊಲ್ಲುವ ಕೈಯನ್ನು ತಡೆದೀತು. ಹಣ್ಣನ್ನು ಹೇಗೆ ಉಳಿಸಿಕೊಳ್ಳಬೇಕು, ಎಷ್ಟನ್ನು ಬಿಟ್ಟುಕೊಡಬೇಕು ಎಂಬದನ್ನು ಹಿತ್ತಲಿನ ಒಡೆಯನೇ ಕಲಿಯಬೇಕು.

ಆದದರಿಂದ ನಾವು ಹೇಳುವ ನಿಯಮ ಇದು: ಹಣ್ಣಿಗೂ ಅಳಿಲಿಗೂ ನಡುವೆ ಅಡ್ಡಿಯನ್ನು ಇಡು, ಅಳಿಲಿಗೂ ಅದರ ಜೀವಕ್ಕೂ ನಡುವೆ ಕೈ ಹಾಕಬೇಡ. ಇದಕ್ಕೆ ಶ್ರಮ ಬೇಕು. ವಿಷಕ್ಕೆ ಶ್ರಮ ಬೇಡ. ಜನರು ವಿಷವನ್ನು ಆರಿಸಿಕೊಳ್ಳುವದು ಹೆಚ್ಚಾಗಿ ಕ್ರೂರತನದಿಂದಲ್ಲ, ಸೋಮಾರಿತನದಿಂದಲೇ. ಇನ್ನು ಆ ಶ್ರಮವು ಯಾವದೆಂದು ಹೇಳುತ್ತೇವೆ.

ಮೊದಲು ಕಡಿದವರು ಯಾರೆಂದು ಗೊತ್ತುಮಾಡಿಕೊಳ್ಳಬೇಕು. 1916ರಲ್ಲಿ ಸ್ಥಾಪನೆಯಾದ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದ ಕಡೆಯ ಕೋಕೋ ಬೆಳೆಗಾರರು ಒಂದು ಗುರುತನ್ನು ಬಲ್ಲರು: ಕಾಯಿಯನ್ನು ತೊಟ್ಟಿನ ಬಳಿಯಲ್ಲಿ ಕೊರೆದಿದ್ದರೆ ಇಲಿ, ನಡುವೆ ಕೊರೆದಿದ್ದರೆ ಅಳಿಲು. ನಮ್ಮ ಹಿತ್ತಲಿನಲ್ಲಿಯೂ ರಾತ್ರಿ ಹೋದ ಹಣ್ಣು ಅಳಿಲಿನ ಕೆಲಸವಲ್ಲ. ಯಾಕಂದರೆ ಅಳಿಲು ಹಗಲು ಸಂಚರಿಸಿ ರಾತ್ರಿ ಮಲಗುವ ಪ್ರಾಣಿ. ರಾತ್ರಿಯ ಬಾವಲಿಯ ತಪ್ಪನ್ನೂ ಹೆಗ್ಗಣದ ತಪ್ಪನ್ನೂ ಹಗಲು ಕಣ್ಣಿಗೆ ಬಿದ್ದದ್ದರ ಮೇಲೆ ಹಾಕುವದು ಅನ್ಯಾಯ. ಮನುಷ್ಯರ ನಡುವೆಯೂ ಇಂಥ ಅನ್ಯಾಯವು ಎಷ್ಟು ನಡೆಯುತ್ತದೆಂಬದನ್ನು, ಕಾರಣವಿಲ್ಲದೆ ಬೈಸಿಕೊಂಡ ನಮ್ಮ ಜನರಿಗೆ ನಾವು ನೆನಪು ಮಾಡಬೇಕಾಗಿಲ್ಲ.

ಎರಡನೆಯದು, ಹಣ್ಣನ್ನು ಸಮಯಕ್ಕೆ ಕೊಯ್ಯುವದು. ಮಾವು, ಚಿಕ್ಕು, ಸೀತಾಫಲ, ಪೇರಲ, ಟೊಮೇಟೊ, ಬಾಳೆ, ಇವು ಬಲಿತ ಮೇಲೆ ಕೊಯ್ದಿಟ್ಟರೂ ಹಣ್ಣಾಗುವವು. ಸೀತಾಫಲದ ಕಣ್ಣುಗಳ ನಡುವಣ ಗೆರೆ ಬೆಳ್ಳಗಾದಾಗ, ಟೊಮೇಟೊವಿನ ತುದಿಗೆ ಕೆಂಪು ತಿರುಗಿದಾಗ ಕೊಯ್ದು ಹುಲ್ಲಿನಲ್ಲಿಟ್ಟರೆ ಅಳಿಲಿಗೆ ವಾಸನೆ ಹತ್ತುವ ಮೊದಲೇ ಅವು ನಮ್ಮ ಮನೆಯೊಳಗಿರುವವು. ಆದರೆ ದಾಳಿಂಬೆಯೂ ದ್ರಾಕ್ಷಿಯೂ ಕೊಯ್ದ ಮೇಲೆ ಹಣ್ಣಾಗುವವಲ್ಲ. ಅವುಗಳನ್ನು ಗಿಡದಲ್ಲಿಯೇ ಕಾಯಬೇಕು. ದಾಳಿಂಬೆ ತೋಟದವರು ಮಾಡುವ ಹಾಗೆ ಕಾಯಿಗೆ ಬಟ್ಟೆಯ ಚೀಲವನ್ನು ಕಟ್ಟಿದರೆ ಬಿಸಿಲಿನ ಸುಡುವಿಕೆಯೂ ತಪ್ಪುತ್ತದೆ. ಹಳೇ ಸೀರೆಯ ಚೂರು ಇದಕ್ಕೆ ಸಾಕು.

ಮೂರನೆಯದು ಬಲೆ. ಪ್ಲಾಸ್ಟಿಕ್ ಬಲೆಯನ್ನು ಅಳಿಲು ಕಡಿದು ಒಳಗೆ ನುಗ್ಗುತ್ತದೆ. ಅರ್ಧ ಅಂಗುಲದ ಕಣ್ಣುಳ್ಳ ಸತುವು ಸವರಿದ ಕಬ್ಬಿಣದ ಜಾಳಿಗೆಯನ್ನು ಚೌಕಟ್ಟಿಗೆ ಬಿಗಿದು, ಬುಡವನ್ನು ಒಂದು ಗೇಣು ಮಣ್ಣಿನಲ್ಲಿ ಹೂಳಿ, ಮೇಲೆಯೂ ಮುಚ್ಚಿದರೆ ಕಾಯಿಪಲ್ಲೆಯ ಮಡಿಯು ಬಹುಕಾಲ ಭದ್ರ. ಸಡಿಲವಾಗಿ ತೂಗಬಿಟ್ಟ ಬಲೆಗೆ ಹಕ್ಕಿಗಳೂ ಹಾವುಗಳೂ ಸುತ್ತಿಕೊಂಡು ಸಾಯುತ್ತವೆ. ಆದದರಿಂದ ಯಾವ ಬಲೆಯನ್ನಾದರೂ ಬಿಗಿಯಾಗಿ ಎಳೆದು ಕಟ್ಟಿ ದಿನಕ್ಕೊಮ್ಮೆ ನೋಡಬೇಕು. ಒಂಟಿ ಮರವಾದರೆ ಕಾಂಡಕ್ಕೆ ಆಳೆತ್ತರದಲ್ಲಿ ಒಂದು ಮೊಳ ಅಗಲದ ನುಣುಪಾದ ತಗಡನ್ನು ಸುತ್ತಿದರೆ ಹತ್ತಲಾಗದು. ಆದರೆ ಗೋಡೆಗೋ ತಂತಿಗೋ ಪಕ್ಕದ ಮರಕ್ಕೋ ಕೊಂಬೆ ಚಾಚಿದ್ದರೆ ತಗಡು ವ್ಯರ್ಥ. ಆ ಕೊಂಬೆಗಳನ್ನು ಮೊದಲು ಸವರಬೇಕು. ಮರ ದಪ್ಪವಾದ ಹಾಗೆ ತಗಡನ್ನು ಸಡಿಲಿಸಬೇಕು, ಇಲ್ಲವಾದರೆ ಕಾಪಾಡಬೇಕಾದ ಮರವನ್ನೇ ಅದು ಬಿಗಿದು ಕೊಂದೀತು.

ನಾಲ್ಕನೆಯದು ಮೆಣಸಿನಕಾಯಿಯ ನೀರು. ಅದರ ಖಾರವು ಅಳಿಲಿಗೆ ತಗಲುತ್ತದೆ, ಹಕ್ಕಿಗಳಿಗೆ ತಗಲುವದಿಲ್ಲ; ಗಿಳಿ ಮೆಣಸಿನಕಾಯಿಯನ್ನು ಸುಖವಾಗಿ ತಿನ್ನುವದನ್ನು ಎಲ್ಲರೂ ನೋಡಿದ್ದಾರೆ. ಇದಕ್ಕೆ ಬ್ಯಾಡಗಿಯ ಕಾಯಿ ಬೇಡ, ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನ ಕಾಯಿ ಬೇಕು. ಮಳೆ ಬಂದರೆ ತೊಳೆದುಹೋಗುವದರಿಂದ ತಿರಿಗಿ ಸಿಂಪಡಿಸಬೇಕು. ಐದನೆಯದು, ಬೇಸಿಗೆಯಲ್ಲಿ ಗಿಡದಿಂದ ದೂರ ನೆರಳಿನಲ್ಲಿ ಒಂದು ಮಣ್ಣಿನ ಪರಟೆಯಲ್ಲಿ ನೀರಿಡುವದು. ನೀರಡಿಸಿದ ಜೀವಿಯು ರಸಕ್ಕಾಗಿಯೂ ಹಣ್ಣನ್ನು ಕಡಿಯುತ್ತದೆ. ನೀರಿಟ್ಟರೆ ಹಾವಳಿ ಪೂರಾ ನಿಲ್ಲುವದೆಂದು ನಾವು ಹೇಳುವದಿಲ್ಲ. ಆದರೂ ಆ ಬಿಸಿಲಿನಲ್ಲಿ ನೀರಿಡುವದಕ್ಕೆ ಬೇರೆ ಕಾರಣ ಬೇಕೋ?

ಕೊನೆಗೆ ಪಾಲಿನ ಮಾತು. ನಮ್ಮ ಜೋಳದ ಹೊಲಗಳಲ್ಲಿ ಕೊಯ್ಲಾದ ಮೇಲೆ ಬಿದ್ದ ತೆನೆಗಳನ್ನು ಬಡವರು ಆಯ್ದುಕೊಳ್ಳುವದನ್ನು ಹಕ್ಕಲಾಯುವದು ಎನ್ನುತ್ತೇವೆ. ನಮ್ಮ ಸ್ವಂತ ಅಜ್ಜಅಜ್ಜಿಯರಲ್ಲಿ ಎಷ್ಟೋ ಮಂದಿ ಆ ಹಕ್ಕಲಿನಿಂದ ಹೊಟ್ಟೆ ಹೊರೆದವರು. ಮೋಶೆಯ ನ್ಯಾಯಪ್ರಮಾಣವೂ ಹೊಲದ ಅಂಚುಗಳನ್ನು ಪೂರಾ ಕೊಯ್ಯದೆ ಬಡವನಿಗೂ ಪರದೇಶಿಗೂ ಬಿಡಬೇಕೆಂದು ವಿಧಿಸುತ್ತದೆ. ಏಳನೆಯ ವರುಷದಲ್ಲಿ ಭೂಮಿಯನ್ನು ಬಿಟ್ಟುಬಿಟ್ಟಾಗ ಬಡವರು ತಿಂದು ಮಿಕ್ಕದ್ದು ಕಾಡುಮೃಗಗಳಿಗೆ ಸೇರಬೇಕೆಂದೂ ಹೇಳುತ್ತದೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲು ಬಡವನು, ಆಮೇಲೆ ಮೃಗ. ಈ ಕ್ರಮವನ್ನು ತಲೆಕೆಳಗು ಮಾಡಿ, ಬಾಗಲಿಗೆ ಬಂದ ಮನುಷ್ಯನನ್ನು ಗದರಿಸಿ ಅಂಗಳದ ಅಳಿಲಿಗೆ ಶೇಂಗಾ ಚೆಲ್ಲುವವನ ದಯೆಯು ದಯೆಯಲ್ಲ. ಮತ್ತು ಬಿಡತಕ್ಕದ್ದು ಅಂಚನ್ನು, ಹೊಲವನ್ನಲ್ಲ. ಅದೇ ಗ್ರಂಥದಲ್ಲಿ ದ್ರಾಕ್ಷೇತೋಟಕ್ಕೆ ಬೇಲಿಯೂ ಕಾವಲಿನ ಬುರುಜೂ ಇದ್ದ ವರ್ಣನೆ ಉಂಟು. ಕಾಯುವದೂ ಬಿಡುವದೂ ಒಂದಕ್ಕೊಂದು ವಿರೋಧವಲ್ಲ. ಎರಡನ್ನೂ ಬಲ್ಲವನೇ ಒಕ್ಕಲಿಗನು.

ಆದಕಾರಣ ಆರು ಗಿಡಗಳುಳ್ಳ ವಿಧವೆಯು ಐದಕ್ಕೆ ಚೀಲ ಕಟ್ಟಿ ಆರನೆಯದರ ಮೇಲಿನ ಕೊಂಬೆಯನ್ನು ಬಿಟ್ಟರೆ ಬಹಳವಾಯಿತು. ಹೇಗೂ ಕೈಗೆ ನಿಲುಕದ ಕೊಂಬೆ ಅದು. ಪಿಂಚಣಿಯ ಗೃಹಸ್ಥನು ಅದಕ್ಕಿಂತ ಹೆಚ್ಚು ಬಿಡಬಲ್ಲನು. ಇನ್ನೂ ಒಳ್ಳೇದೇನಂದರೆ ಆತನು ಒಂದು ಜಾಳಿಗೆಯನ್ನು ಕೊಂಡು ಆಕೆಯ ಹಿತ್ತಲಿಗೆ ಹಾಕಿಸಿಕೊಡಲಿ. ಆಗ ಅಳಿಲಿನ ಮೇಲಿನ ದಯೆಗೂ ನೆರೆಯವಳ ಮೇಲಿನ ದಯೆಗೂ ಜಗಳವಿರದು. ದಯೆಯ ವೆಚ್ಚವನ್ನು ಹೊರಲು ಶಕ್ತಿಯುಳ್ಳವನೇ ಹೊರುವದು ನ್ಯಾಯ.

ತಂದೆತಾಯಿಗಳೇ, ಮಕ್ಕಳು ಇದನ್ನೆಲ್ಲಾ ನೋಡುತ್ತಿರುತ್ತಾರೆ. ತನ್ನದನ್ನು ಕಾಪಾಡುವದಕ್ಕೆ ಇನ್ನೊಬ್ಬನನ್ನು ನಾಶಮಾಡಲೇಬೇಕೆಂಬದನ್ನು ಅವರು ನಮ್ಮ ಹಿತ್ತಲಿನಲ್ಲಿ ಕಲಿತರೆ ಮುಂದೆ ಹೊಲದ ಬದುವಿನಲ್ಲಿಯೂ ಅಣ್ಣತಮ್ಮಂದಿರ ಪಾಲಿನಲ್ಲಿಯೂ ಅದನ್ನೇ ನಡಿಸುವರು. ಬರುವ ಶನಿವಾರ ಹಳೇ ಸೀರೆಯೊಂದನ್ನು ತೆಗೆದು, ಮಗನ ಕೈಯಿಂದ ಕವಣೆಯನ್ನು ಇಸಕೊಂಡು, ದಾರವನ್ನೂ ಸೂಜಿಯನ್ನೂ ಕೊಟ್ಟು, ದಾಳಿಂಬೆಗೆ ಚೀಲ ಹೊಲಿಯಲು ಅವನನ್ನು ಕೂರಿಸಿರಿ. ಎಷ್ಟು ಕಾಯಿಗಳಿಗೆ ಕಟ್ಟಬೇಕು, ಎಷ್ಟನ್ನು ಬಿಡಬೇಕೆಂದು ಅವನೇ ಲೆಕ್ಕ ಮಾಡಲಿ.